ಮಾಳಿಗೆಯ ಬಿಸಿಲಲ್ಲಿ ಅತ್ತೆಯ ಫೋಟೋ

ಹೋದ ವರ್ಷ ಬೇಸಿಗೆಯಲ್ಲಿ, ಶಾವಿಗೆ ಮಾಡುವ ದಿನಗಳಲ್ಲಿ ನಡೆದದ್ದು ಇದು. ಕುಲಗೋಡದ ನಮ್ಮ ಮನೆಯಲ್ಲಿ ಹಳೆಯ ಟ್ರಂಕು ಝಾಡಿಸುವಾಗ ಅಂಗೈಯಷ್ಟು ಸಣ್ಣ ಡಿಜಿಟಲ್ ಕ್ಯಾಮರಾ ಸಿಕ್ಕಿತು. ನಮ್ಮ ಮನೆಯವರು ಮೊದಲ ಪಗಾರದಲ್ಲಿ ಕೊಂಡದ್ದಂತೆ. ಚಾರ್ಜಿಗೆ ಹಾಕಿದರೆ ಹಸಿರು ದೀಪ ಹತ್ತಿತು. ನನಗೆ ಎಲ್ಲಿಲ್ಲದ ಹುರುಪು. ಅತ್ತೆಯದು ಒಂದಾದರೂ ಚಂದದ ಫೋಟೋ ತೆಗೆಯಬೇಕೆಂದು ನಾನು ಬಹಳ ದಿನದಿಂದ ಹೊಂಚು ಹಾಕಿದ್ದೆ.

ನಮ್ಮ ಅತ್ತೆಗೆ ಹನ್ನೆರಡು ವರ್ಷದಿಂದ ತಲೆ ಅಲುಗಾಡುತ್ತದೆ. ಬೇಡ ಬೇಡ ಎನ್ನುವವರ ಹಾಗೆ ಎಡಕ್ಕೂ ಬಲಕ್ಕೂ, ಸಣ್ಣಗೆ, ನಿದ್ದೆ ಹತ್ತುವವರೆಗೂ. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮೈದುನನ ಮದುವೆಯಲ್ಲಿ ಯಾರೋ, "ಅತ್ತಿನ ಈ ಸೊಸಿ ಬ್ಯಾಡ ಅನ್ನಾಕತ್ತಾಳ ನೋಡ್ರಿ" ಎಂದು ನಕ್ಕರು. ಅವತ್ತು ಅಡುಗೆಮನೆ ಸೇರಿದ ಅತ್ತೆ ಫೋಟೋದವರು ಹೋಗುವ ತನಕ ಹೊರಗೆ ಬರಲಿಲ್ಲ. ಮದುವೆಯ ಆಲ್ಬಮ್ ಮೊದಲಿನಿಂದ ಕೊನೆಯವರೆಗೆ ತಿರುವಿದರೂ ಮದುಮಗನ ತಾಯಿಯೇ ಇಲ್ಲ. ಯಾರೂ ಇಲ್ಲದಾಗ ಅತ್ತೆ ಅದನ್ನು ತೆಗೆದು ನೋಡಿ, ಸುಮ್ಮನೆ ಮುಚ್ಚಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮೊಬೈಲ್ ಎತ್ತಿದರೆ ಎದ್ದು ಹೋಗುತ್ತಿದ್ದವರು, ಮಗನ ಮೊದಲ ಪಗಾರದ ಕ್ಯಾಮರಾ ಎಂದದ್ದಕ್ಕೆ ಹೂಂ ಅಂದರು. ಇಳಕಲ್ ಸೀರೆ ಉಟ್ಟು, ಸೆರಗು ಸರಿ ಮಾಡಿಕೊಂಡು ಪಡಸಾಲೆಯಲ್ಲಿ ಕೂತರು. ಹಿರಿಯರನ್ನು ಬಿಸಿಲಲ್ಲಿ ಕೂರಿಸುವುದುಂಟೇ? ನಮ್ಮದು ದಪ್ಪ ಗೋಡೆಯ ಮನೆ. ಪಡಸಾಲೆಯಲ್ಲಿ ನಡುಮಧ್ಯಾಹ್ನವೂ ಸಂಜೆಯ ಹಾಗಿರುತ್ತದೆ.

ಹತ್ತು ಫೋಟೋ ತೆಗೆದೆ. ಹತ್ತರಲ್ಲೂ ಮುಖದ ಜಾಗದಲ್ಲಿ ಮಂಜು ಕವಿದಿತ್ತು. ಲೆನ್ಸನ್ನು ಸೆರಗಿನಿಂದ ಒರೆಸಿದೆ, ಕಾರ್ಡು ಬದಲಿಸಿದೆ, ಕ್ಯಾಮರಾವನ್ನು ಸ್ಟೂಲಿನ ಮೇಲಿಟ್ಟೂ ತೆಗೆದೆ. ಪರದೆಯ ಮೂಲೆಯಲ್ಲಿ, ಚಿತ್ರ ಅಲುಗಾಡೀತು ಎಂದು ಎಚ್ಚರಿಸುವ ನಡುಗುವ ಕೈಯ ಗುರುತು ಮಿಣುಕುತ್ತಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಹಾಗೆಯೇ ಕ್ಯಾಮರಾ ಕೆಟ್ಟಿದೆ ಅಂದುಬಿಟ್ಟೆ.

"ಕ್ಯಾಮರಾ ಅಲ್ಲವ್ವಾ, ಕೆಟ್ಟಾಕಿ ನಾನು" ಎಂದು ಅತ್ತೆ ಎದ್ದು ಒಳಗೆ ಹೋದರು. ಆ ಮಾತು ನನ್ನ ಎದೆಗೆ ನಾಟಿತು.

ಮರುದಿನ ಗೋಕಾಕದ ಬಸ್ಸು ಹತ್ತಿದೆ. ಗಡಿಯಾರ, ಕ್ಯಾಮರಾ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದ ಕಾಕಾ ಒಬ್ಬರು ಕೂತಿದ್ದರು. ಫೋಕಸ್ ಕೆಟ್ಟಿದೆ ಎಂದು ಕೊಟ್ಟೆ. ಅವರು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿ, ಇದರಲ್ಲಿ ದೋಷವೇ ಇಲ್ಲ ಅಂದರು. ಫೋಟೋದಲ್ಲಿ ಅತ್ತೆಯ ಹಿಂದೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಅಕ್ಷರವೂ ಓದಲು ಬರುತ್ತಿತ್ತು. ಅಂದರೆ ಫೋಕಸ್ ಸರಿ ಇದೆ, ನನ್ನ ಕೈಯೂ ನಡುಗಿಲ್ಲ, ಅಲುಗಾಡಿದ್ದು ಮುಖವೊಂದೇ. ನನಗೆ ನಾಚಿಕೆಯಾಗಿ ಎಲ್ಲವನ್ನೂ ಹೇಳಿಬಿಟ್ಟೆ. ಕಾಕಾ ನಗಲಿಲ್ಲ. ಕೂತಲ್ಲಿಂದಲೇ ಅಂಗಡಿಯ ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿ ತೋರಿಸಿದರು. ಕ್ಯಾಮರಾದ ಶಟರ್ ಅಂದರೆ ಬೆಳಕನ್ನು ಒಳಗೆ ಬಿಡುವ ಇಂಥದೇ ಬಾಗಿಲು. ಕತ್ತಲಿದ್ದರೆ ಬೆಳಕು ಸಾಲದೆ ಬಹಳ ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಅಲುಗಾಡಿದ್ದೆಲ್ಲ ಕಲೆಸಿಹೋಗುತ್ತದೆ. ಐಎಸ್‌ಒ ಅಂದರೆ ಬೆಳಕು ಹಿಡಿಯುವ ಚುರುಕು, ಅದನ್ನು ಏರಿಸಿದರೆ ಕತ್ತಲಲ್ಲೂ ಬೇಗ ಮುಚ್ಚುತ್ತದೆ, ಆದರೆ ಚಿತ್ರದ ಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತದೆ. ಇಷ್ಟು ಹೇಳಿ, ಅಲುಗಾಡುವುದನ್ನು ಹಿಡಿಯಲೆಂದೇ ಇರುವ, ಓಡುವ ಮನುಷ್ಯನ ಗುರುತಿಗೆ ಗುಂಡಿ ತಿರುಗಿಸಿ ಕೈಗಿಟ್ಟರು.

"ಬಿಸಲಾಗ ತಗೀರಿ ತಂಗಿ. ಸೆಕೆಂಡಿನ್ಯಾಗ ಸಾವಿರ ಪಾಲು ಮಾಡಿದ್ರ, ಅದರಾಗ ಒಂದ ಪಾಲಿನಷ್ಟು ಹೊತ್ತು ಬಾಗಲಾ ತಗಿತೈತಿ. ಅಷ್ಟರಾಗ ಯಾರ ತಲಿನೂ ಅಲುಗಾಡೂದಿಲ್ಲ."

ಮರುದಿನ ಬೆಳಿಗ್ಗೆ ಅತ್ತೆ ಮಾಳಿಗೆಯ ಮೇಲೆ ಕೋಲುಗಳಿಗೆ ಶಾವಿಗೆ ಹರವುತ್ತಿದ್ದರು. ಬಿಳಿ ಎಳೆಗಳು ಗಾಳಿಗೆ ತೂಗುತ್ತಿದ್ದವು. ಅವುಗಳಾಚೆ ಕಬ್ಬಿನ ಹೊಲಗಳು ಇದ್ದೂ ಇಲ್ಲದ ಹಾಗೆ ಕಾಣುತ್ತಿದ್ದವು. ಅರೆನಿದ್ದೆಯಲ್ಲಿ ಕಂಡ ಬೆಳಗಿನ ಹಾಗೆ ಅದು ಇನ್ನೂ ನನ್ನ ಕಣ್ಣಲ್ಲಿದೆ. "ಅತ್ತೀ" ಎಂದು ಕರೆದೆ. ತಿರುಗಿದರು. ಗುಂಡಿ ಒತ್ತಿದೆ.

ಬಿಸಿಲಿಗೆ ಪರದೆ ಕಾಣಲಿಲ್ಲ. ನನ್ನ ಸೆರಗನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ತೋರಿಸಿದೆ. ಹಣೆಯ ವಿಭೂತಿ, ಕಣ್ಣಂಚಿನ ಗೆರೆ, ತುಟಿಯಲ್ಲಿ ಅರ್ಧ ನಗು, ಎಲ್ಲವೂ ಸ್ವಚ್ಛವಾಗಿ ನಿಂತಿದ್ದವು. ಅತ್ತೆ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಕನ್ನಡ್ಯಾಗ ನೋಡ್ಕೊಂಡ್ರೂ ಅಲುಗಾಡತಿತ್ತವ್ವಾ" ಅಂದರು. "ನನ್ನ ಮುಖ ನಿಂತದ್ದ ನಾ ನೋಡಿ ಹನ್ನೆರಡ ವರ್ಷ ಆತು."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಕನ್ನಡಿಯ ವಿಷಯ ನನಗೆ ಹೊಳೆದಿರಲಿಲ್ಲ.

ಆ ಫೋಟೋ ಪ್ರಿಂಟ್ ಹಾಕಿಸಿ ತಂದಾಗ ಅತ್ತೆ ತಾವೇ ಅದನ್ನು ಮದುವೆಯ ಆಲ್ಬಮ್ಮಿನ ಕೊನೆಯ ಖಾಲಿ ಪುಟಕ್ಕೆ ಅಂಟಿಸಿದರು. ಅವರ ತಲೆ ಈಗಲೂ ಅಲುಗಾಡುತ್ತದೆ. ಆದರೆ ನನಗೆ ಅದು ಮೊದಲಿನ ಹಾಗೆ ಕಾಣುವುದಿಲ್ಲ. ಒಂದೊಂದು ಸೆಕೆಂಡಿನಲ್ಲೂ ಸಾವಿರ ಸಲ ಅತ್ತೆ ನಿಂತೇ ಇರುತ್ತಾರೆ, ನಮ್ಮ ಕಣ್ಣಿಗೆ ಅಷ್ಟು ಚುರುಕಿಲ್ಲ ಅಷ್ಟೇ.

ಮೊನ್ನೆ ಹುಕ್ಕೇರಿಯಿಂದ ನನ್ನ ನೆಗೆಣ್ಣಿಯ, ಅಂದರೆ ಆ ಮೈದುನನ ಹೆಂಡತಿಯ, ತವರಿನವರು ಬಂದಿದ್ದರು. ಆಕೆ ಆಲ್ಬಮ್ ತೋರಿಸುತ್ತ ಕೊನೆಯ ಪುಟಕ್ಕೆ ಬಂದು, "ಇವರ ನೋಡ್ರಿ ನಮ್ಮ ಅತ್ತಿ" ಅಂದಳು. ಬಂದವರೆಲ್ಲ ಫೋಟೋ ನೋಡಿ ಆಮೇಲೆ ಅತ್ತೆಯ ಮುಖ ನೋಡಿದರು. ಅತ್ತೆ ಎದ್ದು ಹೋಗಲಿಲ್ಲ.