ಓದಿಲ್ಲ ಎಂದು ಬರೆದವರು

ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಿವೃತ್ತನಾದ ಮೇಲೆ ಪುಸ್ತಕ ಬರೆದರೆ ಅದರಲ್ಲಿ ಏರಿಳಿತಕ್ಕೇನೂ ಕೊರತೆಯಿರುವುದಿಲ್ಲ. ಮೇಲಪ್ಪ ಬರೆದದ್ದು ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಕಥೆಗಳನ್ನು. ಎರಡು ಮಹಡಿಗಳ ನಡುವೆ ನಿಂತ ಡಬ್ಬಿಯೊಳಗೆ ರಾಜಿಯಾದ ಗಂಡ ಹೆಂಡತಿ, ಕಟ್ಟಿದ ಹಲ್ಲುಗಳ ಟ್ರೇ ಹಿಡಿದು ಎರಡು ಗಂಟೆ ನಿಂತ ದಂತವೈದ್ಯ, ಬಾಗಿಲು ತೆರೆದರೂ ಹೊರಗೆ ಬರಲು ಒಪ್ಪದ ಹೊಸ ಮ್ಯಾನೇಜರು. ಯಾವ ಪ್ರಕಾಶಕರೂ ಕೈಹಿಡಿಯದಿದ್ದಾಗ ತಾನೇ ಪ್ರಕಾಶಕನಾದ. ಆನ್‌ಲೈನ್ ಪುಸ್ತಕದಂಗಡಿಯೊಂದರಲ್ಲಿ ಖಾತೆ ತೆರೆದು ಪುಸ್ತಕವನ್ನು ಮಾರಾಟಕ್ಕಿಟ್ಟ.

ಮೇಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟಿನ ಕೆಲಸ ಜೋಡಿ ಕೆಲಸ. ಒಬ್ಬ ಮೇಲೆ ಮೆಷಿನ್ ರೂಮಿನಲ್ಲಿ, ಇನ್ನೊಬ್ಬ ಲಿಫ್ಟಿನ ಬುಡದ ಗುಂಡಿಯಲ್ಲಿ. ಇವನು ಮೇಲಪ್ಪನಾದ, ಜೋಡಿಯವನು ಗುಂಡಿಯಪ್ಪನಾದ. ಮೂರು ದಶಕ ಒಬ್ಬರಿಗೊಬ್ಬರು ಕೂಗಿಕೊಂಡೇ ಬದುಕಿದ್ದರಿಂದ ಇಬ್ಬರಿಗೂ ಈಗಲೂ ಮೆಲ್ಲಗೆ ಮಾತಾಡಲು ಬರುವುದಿಲ್ಲ.

ಸಕ್ಕರೆ ಕಾಯಿಲೆ ಗುಂಡಿಯಪ್ಪನ ಕಣ್ಣು ತಿಂದು ಐದು ವರ್ಷವಾಗಿತ್ತು. ಪುಸ್ತಕದ ಅರ್ಧ ಅವನದೇ ಕಥೆ, ಆದರೆ ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಮೇಲಪ್ಪ ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಹೋಗಿ ಗಟ್ಟಿಯಾಗಿ ಓದಲು ಕೂತ. ಮೂರನೇ ಪುಟಕ್ಕೆ ಗುಂಡಿಯಪ್ಪ ಕೈ ಎತ್ತಿದ.

“ಲೋ, ನೀನು ಓದ್ತಾ ಓದ್ತಾನೇ ತಿದ್ದುತ್ತಿದ್ದೀಯ. ನನ್ನ ಮುಖ ನೋಡ್ಕೊಂಡು ಓದ್ತಿದ್ದೀಯ. ಅಚ್ಚಲ್ಲಿ ಏನಿದೆಯೋ ಅದು ಬೇಕು ನನಗೆ, ಅದೂ ನಿನ್ನನ್ನ ಕಂಡರಿಯದವರ ಬಾಯಲ್ಲಿ.”

ಮಾತು ನಿಜವಾಗಿತ್ತು. ಫೋನಿನ ಯಂತ್ರದ ದನಿಯಲ್ಲಿ ಕೇಳಿಸಿದರೆ, ನೆಗಡಿಯಾದ ಗಿಳಿಯಂತಿದೆ ಎಂದು ಗುಂಡಿಯಪ್ಪ ಎರಡೇ ನಿಮಿಷದಲ್ಲಿ ನಿಲ್ಲಿಸಿದ. ಅಂದಿನಿಂದ ಇಬ್ಬರೂ ಪುಸ್ತಕದ ಮಾತೆತ್ತಲಿಲ್ಲ. ಚಹಾ ಕುಡಿದರು, ಹವಾಮಾನ ಬೈದರು. ಮೇಲಪ್ಪ ಮಾತ್ರ ಮನೆಗೆ ಬಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ: ಆ ಒಬ್ಬ ಮನುಷ್ಯ ಕೇಳದಿದ್ದರೆ ಬರೆದದ್ದು ಯಾರಿಗೆ?

ಅಷ್ಟರಲ್ಲಿ ಮೇಲಪ್ಪ ಮೇಲಿನಿಂದಲೇ ಕೆಳಗೆ ಬಿದ್ದ, ಅಂದರೆ ಇಮೇಲಿನಿಂದ. ‘ನಿಮ್ಮ ಖಾತೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಮುಚ್ಚಲಿದೆ, ಈ ಕೊಂಡಿ ಒತ್ತಿ’ ಎಂದು ಪುಸ್ತಕದಂಗಡಿಯ ಹೆಸರಿನಲ್ಲೇ ಪತ್ರ ಬಂತು. ಗಾಬರಿಯಲ್ಲಿ ಒತ್ತಿ ಪಾಸ್‌ವರ್ಡ್ ಬರೆದುಕೊಟ್ಟ. ಕೊಂಡಿ ಚೇಳಿಗೂ ಇರುತ್ತದೆಂದು ಹೊಳೆದದ್ದು ಮರುದಿನ, ಖಾತೆಯ ಬಾಗಿಲು ತೆರೆಯದೇ ಹೋದಾಗ. ಅವನ ಪುಸ್ತಕ ಯಾರದೋ ಹೆಸರಿನಲ್ಲಿ, ಮುಖಪುಟಕ್ಕೆ ಹಡಗಿನ ಚಿತ್ರ ಹೊತ್ತು ಮಾರಾಟವಾಗುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಮಗಳು ಬ್ಯಾಂಕಿನ ದೂರು ವಿಭಾಗದಲ್ಲಿರುವವಳು. ಬಂದವಳೇ ಗೋಡೆಗೆ ಚೀಟಿ ಅಂಟಿಸಿದಳು. ಕಳಿಸಿದವರ ಹೆಸರು ನೋಡಬೇಡ, ಪೂರ್ತಿ ವಿಳಾಸ ನೋಡು. ಅವಸರ ಮಾಡಿದರೆ ಅನುಮಾನಿಸು. ಪತ್ರದೊಳಗಿನ ನಂಬರಿಗೆ ಫೋನ್ ಮಾಡಬೇಡ, ನೀನೇ ಹುಡುಕಿ ಮಾಡು. ಅಂದಿನಿಂದ ಮೇಲಪ್ಪ ಕಂಪ್ಯೂಟರಿನ ಮುಂದೆ ಕಾವಲುಗಾರನಂತೆ ಕೂರತೊಡಗಿದ. ಬರುವ ಪತ್ರಗಳಿಗೇನು ಬರ! ದೂರದೇಶದ ಓದುಗರ ಬಳಗ, ಕೇಳರಿಯದ ಪ್ರಶಸ್ತಿ, ಸಿನಿಮಾದವರ ಆಸಕ್ತಿ, ಎಲ್ಲವೂ ಗಾಳಸುದ್ದಿ. ಕೊನೆಗೆ ವಿದ್ಯುತ್ ಕಚೇರಿಯ ಪತ್ರಕ್ಕೂ ಹೆದರಿ ಬಿಲ್ಲು ಕಟ್ಟದೆ ಮನೆಯಲ್ಲಿ ಒಂದು ದಿನ ಕತ್ತಲೆಯಾಯಿತು. ಹೆಂಡತಿ ಮೇಣದಬತ್ತಿ ಹಚ್ಚುತ್ತ, “ಇಷ್ಟು ವಿಚಾರಣೆ ನನ್ನನ್ನ ನೋಡೋಕೆ ಬಂದಾಗ ಮಾಡಿದ್ರೆ ಇಬ್ಬರೂ ಬಚಾವಾಗ್ತಿದ್ವಿ ರೀ” ಎಂದಳು.

ಮಗಳ ನಿಯಮಗಳಿಗೆ ಮೇಲಪ್ಪ ತನ್ನದೊಂದನ್ನು ಸೇರಿಸಿದ. ಕೆಲಸದಲ್ಲಿದ್ದಾಗ ‘ಲಿಫ್ಟಲ್ಲಿ ಸಿಕ್ಕಿಕೊಂಡಿದ್ದೀವಿ’ ಎಂದು ತಮಾಷೆಗೆ ಫೋನ್ ಮಾಡುವವರಿದ್ದರು. ಅವನು ಕೇಳುತ್ತಿದ್ದದ್ದು ಒಂದೇ: ಒತ್ತುವ ಗುಂಡಿಗಳ ಮೇಲಿನ ತಗಡಿನಲ್ಲಿ ಯಾವ ನಂಬರಿದೆ? ನಿಜವಾಗಿ ಒಳಗಿದ್ದವರು ಓದಿ ಹೇಳುತ್ತಿದ್ದರು, ಕೀಟಲೆಯವರು ಫೋನ್ ಇಡುತ್ತಿದ್ದರು. ಈಗ ಪತ್ರ ಬರೆದವರಿಗೆಲ್ಲ ಅದೇ ಧಾಟಿಯ ಪ್ರಶ್ನೆ: ‘ನನ್ನ ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದವರು ಯಾರು?’ ಹೆಚ್ಚಿನವರು ಅಲ್ಲಿಗೇ ಮಾಯವಾದರು.

ಒಂದು ಸೋಮವಾರ ಎರಡು ಪತ್ರ ಒಟ್ಟಿಗೆ ಬಂದವು. ಒಂದು, ಪುಸ್ತಕಗಳನ್ನು ದನಿಯಲ್ಲಿ ಹೊರತರುವ ಕಂಪನಿಯದು. ಹೊಗಳಿಕೆ ಉಕ್ಕಿ ಹರಿಯುತ್ತಿತ್ತು. ಇನ್ನೊಂದು, ನಗರದ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ವಿಭಾಗದ್ದು. ಒಣಗಿದ ಮೂರು ಸಾಲು. ಇಬ್ಬರಿಗೂ ಪ್ರಶ್ನೆ ಹೋಯಿತು. ಕಂಪನಿಯವರು ಆರೇ ನಿಮಿಷದಲ್ಲಿ ಉತ್ತರಿಸಿದರು: ದಂತವೈದ್ಯರು, ಆ ಹಲ್ಲಿನ ಟ್ರೇಯ ವರ್ಣನೆ ಓದಿ ನಮ್ಮ ಕಚೇರಿಯೇ ಕಣ್ಣೀರಾಯಿತು. ಗ್ರಂಥಾಲಯದವರು ಮರುದಿನ ಬರೆದರು: ‘ತಮ್ಮ ಪುಸ್ತಕವನ್ನು ನಾನು ಓದಿಲ್ಲ. ಸದಸ್ಯರೊಬ್ಬರು ಕೇಳಿದ್ದಾರೆ, ಹೆಸರು ತಿಳಿಸುವಂತಿಲ್ಲ. ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ಬೇಕು. ತಪ್ಪಿದರೆ ಮುಂದಿನ ವರ್ಷ.’

ಅವಸರ ಇದೆ, ಹೆಸರಿಲ್ಲ, ಓದಿಯೂ ಇಲ್ಲ. ಮೇಲಪ್ಪ ಗೋಡೆಯ ಚೀಟಿ ನೋಡಿ ತಲೆದೂಗಿ ಒಂದು ಸಾಲು ಬರೆದ: ‘ನಾನು ಗಾಳಕ್ಕೆ ಸಿಗುವುದಿಲ್ಲ, ಬೇರೆ ಮೀನು ನೋಡಿಕೊಳ್ಳಿ.’

ಶುಕ್ರವಾರ ಮಧ್ಯಾಹ್ನ ಕಂಪನಿಯ ಫಾರಂ ಬಂತು. ಗುಂಡಿಯಪ್ಪನಿಗೆ ಬೇಕಾದ ಪರರ ದನಿ ಇನ್ನೇನು ಸಿಕ್ಕಿತೆಂದು ಮೇಲಪ್ಪ ಉತ್ಸಾಹದಿಂದ ತುಂಬುತ್ತ ಬಂದು ಕೊನೆಯ ಕಾಲಮಿನಲ್ಲಿ ನಿಂತ. ಪುಸ್ತಕದಂಗಡಿಯ ಪಾಸ್‌ವರ್ಡ್ ಕೇಳಿದ್ದರು, ‘ಫೈಲ್ ವರ್ಗಾವಣೆಗಾಗಿ’. ಮಗಳಿಗೆ ಫೋನ್ ಮಾಡಿದ.

ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಪಾಸ್‌ವರ್ಡ್ ಕೇಳಿದರೆಂದರೆ ಅಲ್ಲಿಗೆ ಮುಗಿಯಿತು ಎಂದಳು. ನಾಲ್ಕನೇ ಅಧ್ಯಾಯ ಅವರಿಗೆ ಹೇಗೆ ಗೊತ್ತು ಎಂದು ಇವನು ವಾದಿಸಿದ. ಮೊದಲ ಐದು ಅಧ್ಯಾಯ ಬಿಟ್ಟಿ ಓದಲು ಇಟ್ಟವನು ನೀನೇ ಅಲ್ಲವೇ ಎಂದು ಅವಳು ಕೇಳಿದಳು. ಮೇಲಪ್ಪ ಸೋತ ದನಿಯಲ್ಲಿ ಗ್ರಂಥಾಲಯದ ಪತ್ರವನ್ನೂ ಓದಿ ಹೇಳಿದ.

“ಇವರು ನಿನ್ನಿಂದ ಏನು ಕೇಳಿದ್ದಾರೆ?”

“ಒಪ್ಪಿಗೆ.”

“ಬರೀ ಒಪ್ಪಿಗೆನಾ?” ಅವಳು ಪತ್ರವನ್ನು ಇನ್ನೊಮ್ಮೆ ಓದಿಸಿಕೊಂಡಳು. “ಅಪ್ಪ, ನಿನ್ನ ಪುಸ್ತಕ ಓದಿಲ್ಲ ಅಂತ ಯಾವ ಕಳ್ಳ ಹೇಳ್ತಾನೆ?”

ಮೇಲಪ್ಪ ಪತ್ರದ ‘ಸದಸ್ಯರೊಬ್ಬರು’ ಎಂಬಲ್ಲಿ ಬೆರಳಿಟ್ಟ. ಇಡೀ ನಗರದಲ್ಲಿ ಆ ಪುಸ್ತಕ ಬಂದದ್ದು ಗೊತ್ತಿರುವ, ಕಣ್ಣು ಕಾಣದ, ಬಾಯಿಬಿಟ್ಟು ಹೇಳದೆ ಒಳಗೊಳಗೇ ಅರ್ಜಿ ಹಾಕುವ ಸದಸ್ಯರು ಎಷ್ಟು ಜನ ಇರಲು ಸಾಧ್ಯ?

ಗ್ರಂಥಾಲಯದ ನಂಬರನ್ನು ತಾನೇ ಹುಡುಕಿ ಫೋನ್ ಮಾಡಿದ. ಮೂರು ಕಡೆ ದಾಟಿ ನಾಲ್ಕನೆಯವರಾಗಿ ಆ ವಿಭಾಗದ ಮೇಡಂ ಸಿಕ್ಕರು. “ಬೇರೆ ಮೀನು ನೋಡ್ಕೊಳ್ಳಿ ಅಂದವರು ನೀವೇನಾ?” ಎಂದರು, ಸಿಟ್ಟಿಲ್ಲದೆ. ಅದನ್ನು ನಿರಾಕರಣೆ ಎಂದು ದಾಖಲಿಸಿಯಾಗಿತ್ತು. ಮೇಲಪ್ಪ ಬೇಡಿಕೊಂಡ. ಫೋನಿನಲ್ಲಿ ಯಾರು ಬೇಕಾದರೂ ಲೇಖಕ ಎನ್ನಬಹುದು, ನಿಮ್ಮನ್ನು ನಾನು ಹೇಗೆ ನಂಬಲಿ, ಐದರೊಳಗೆ ಗುರುತಿನ ಚೀಟಿ ತೆಗೆದುಕೊಂಡು ಬನ್ನಿ ಎಂದರು ಆಕೆ. ಆಗ ನಾಲ್ಕು ದಾಟಿತ್ತು.

ಬಸ್ಸು ಸೇತುವೆಯ ಮೇಲೆ ಇಪ್ಪತ್ತು ನಿಮಿಷ ಕದಲಲಿಲ್ಲ. ಹಿಂದೆಯೂ ಗಾಡಿ, ಮುಂದೆಯೂ ಗಾಡಿ, ಚಾಲಕ ಬಾಗಿಲು ತೆರೆಯಲು ಒಪ್ಪಲಿಲ್ಲ. ಬೇರೆಯವರು ಸಿಕ್ಕಿಬಿದ್ದದ್ದನ್ನು ಇನ್ನೂರು ಪುಟ ಬರೆದವನಿಗೆ, ಅವರೆಲ್ಲ ಸುಮ್ಮನೆ ಯಾಕೆ ಬಾಗಿಲು ಬಡಿಯುತ್ತಿದ್ದರೆಂಬುದು ಈಗ ತಿಳಿಯಿತು. ತಾನೂ ಎರಡು ಸಲ ಬಡಿದ.

ಕೌಂಟರ್ ಮುಟ್ಟಿದಾಗ ಐದಕ್ಕೆ ಆರು ನಿಮಿಷ ಬಾಕಿ. ಗುರುತಿನ ಚೀಟಿಯಲ್ಲಿ ಹೆತ್ತವರಿಟ್ಟ ಹೆಸರು, ಪುಸ್ತಕದ ಮೇಲೆ ಮೇಲಪ್ಪ. ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪುಸ್ತಕದ ಹಿಂಬದಿಯ ಫೋಟೋವನ್ನು ಅವನ ಮುಖದ ಪಕ್ಕ ಹಿಡಿದರು.

“ಫೋಟೋದಲ್ಲಿ ಕೂದಲಿದೆ ಸರ್.”

“ಅದು ಕೆಲವು ತಿಂಗಳ ಹಿಂದೆ ಹೋಯ್ತು ಮೇಡಂ, ಖಾತೆ ಜೊತೆ.”

ಆಕೆ ನಕ್ಕರೋ ಇಲ್ಲವೋ ತಿಳಿಯಲಿಲ್ಲ, ಕಾಗದ ಮಾತ್ರ ಮುಂದೆ ತಳ್ಳಿದರು. ಸಹಿ ಹಾಕುವಾಗ ಮೇಲಪ್ಪ ಅಳುಕುತ್ತ, ಅಲ್ಲೊಂದು ಇಲ್ಲೊಂದು ಸಾಲು ಬದಲಾಯಿಸಬಹುದೇ ಎಂದು ಕೇಳಿದ. ಅಚ್ಚಿನಲ್ಲಿ ಇದ್ದದ್ದು ಇದ್ದ ಹಾಗೆ ಓದುವುದೇ ಇಲ್ಲಿಯ ನಿಯಮ ಎಂದರು. ಓದುವವರು ಯಾರೋ ನಿವೃತ್ತ ಶಿಕ್ಷಕಿ. ಸರದಿ ಬರಲು ಏಳು ತಿಂಗಳು.

ಮೆಟ್ಟಿಲಿಳಿದು ಬಸ್ ನಿಲ್ದಾಣದಲ್ಲಿ ಕೂತು ಗುಂಡಿಯಪ್ಪನಿಗೆ ಫೋನ್ ಮಾಡಿದ. ಇಬ್ಬರೂ ಸ್ವಲ್ಪ ಹೊತ್ತು ಹವಾಮಾನ ಬೈದರು.

“ಲೈಬ್ರರಿಯವರು ಬರೆದ್ರಾ?” ಕೊನೆಗೆ ಗುಂಡಿಯಪ್ಪನೇ ಕೇಳಿದ.

“ಬರೆದ್ರು. ಸಹಿ ಹಾಕ್ಬಂದೆ. ಏಳು ತಿಂಗಳಾಗುತ್ತಂತೆ.”

“ಆಗಲಿ ಬಿಡು, ಕಾಯ್ತೀನಿ. ನನ್ನ ಬಗ್ಗೆ ಏನಾದ್ರೂ ಎಡವಟ್ಟು ಬರೆದಿದ್ರೆ ಅಷ್ಟರೊಳಗೆ ಬಂದು ಹೇಳ್ಬಿಡು. ಆಮೇಲೆ ಕೇಳಿಸಿಕೊಂಡು ಸಿಟ್ಟು ಬಂದ್ರೆ ನನ್ನ ಕೈಲಿಲ್ಲ.”

ಎಡವಟ್ಟೇನಿಲ್ಲ ಎಂದು ಮೇಲಪ್ಪ ಕೂಗಿಯೇ ಹೇಳಿದ. ಪಕ್ಕದವರು ತಿರುಗಿ ನೋಡಿದರು. ಫೋನಿಟ್ಟು, ಚೀಲದಿಂದ ಪುಸ್ತಕ ತೆಗೆದು ಮೊದಲ ಪುಟದಿಂದ ಓದಲು ಹಿಡಿದ. ನೂರಹನ್ನೆರಡನೇ ಪುಟಕ್ಕೆ ಬರುವಷ್ಟರಲ್ಲಿ ನಾಲ್ಕು ಬಸ್ಸು ಬಂದು ಹೋಗಿದ್ದವು. ಗುಂಡಿಯಪ್ಪನ ಬಗ್ಗೆ ಬರೆದಿದ್ದ ಆ ಪುಟವನ್ನು ಎರಡು ಸಲ ಓದಿ ಎದ್ದವನು ಮನೆಯ ಬಸ್ಸು ಬಿಟ್ಟು ಗುಂಡಿಯಪ್ಪನ ಮನೆ ಕಡೆಯ ಬಸ್ಸು ಹತ್ತಿದ.