ಗಾಳಿಯಿಲ್ಲದ ಗಾಡಿಗೆ ಗಾಳಿ ಹಾರ್ನು

ನಮ್ಮ ಪಿಕಪ್ ಗಾಡಿಯ ಹಾರ್ನು ಮೇಕೆಮರಿ ಕೂಗಿದ ಹಾಗೆ ಕೂಗುತ್ತಿತ್ತು. ಇದು ನಾನು ಕಟ್ಟಿ ಹೇಳುವ ಮಾತಲ್ಲ. ಮುಳಬಾಗಿಲಿನಿಂದ ನಂಗಲಿಯವರೆಗೆ ರಸ್ತೆ ಬದಿಯಲ್ಲಿ ಟೀ ಕುಡಿಯುತ್ತ ನಿಂತವರೆಲ್ಲ ಆಡಿಕೊಳ್ಳುತ್ತಿದ್ದದ್ದು. ಎಂಬತ್ತರ ದಶಕದ ನಡುವಿನ ಕಾಲ ಅದು. ಅಪ್ಪ ಎಲ್ಲಿಂದಲೋ ಹಳೆಯ ಪಿಕಪ್ ಒಂದನ್ನು ತಂದು, "ಇನ್ಮೇಲೆ ಇದೇ ನಿನ್ ಆಫೀಸು" ಅಂತ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದ್ದ. ನಂಗಲಿ ಪಕ್ಕದ ನಮ್ಮೂರಿನಿಂದ ಬೆಳಗಿನ ಜಾವ ಹೊರಟು, ದಾರಿಯುದ್ದಕ್ಕೂ ಟೊಮೇಟೊ, ಬೀನ್ಸು, ರೇಷ್ಮೆಗೂಡು, ಯಾರು ಏನು ಕೊಟ್ಟರೂ ಹೇರಿಕೊಂಡು ಕೋಲಾರಕ್ಕೆ ಮುಟ್ಟಿಸುವುದು ನನ್ನ ಕೆಲಸ.

ಆ ರಸ್ತೆಯ ಲಾರಿಗಳು ನನ್ನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಹಿಂದೆ ನಿಂತು ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿತ್ತೇ ಹೊರತು ಒಬ್ಬನೂ ಸೈಡು ಕೊಡುತ್ತಿರಲಿಲ್ಲ. ಒಂದು ದಿನ ನಂಗಲಿಯ ಟೀ ಅಂಗಡಿ ಮುಂದೆ ಲಾರಿ ಡ್ರೈವರೊಬ್ಬ ನನ್ನ ಗಾಡಿಯ ಹಿಂಭಾಗವನ್ನೆಲ್ಲ ಇಣುಕಿ ನೋಡಿ, "ಏಮ್ರಾ, ಮೇಕನಿ ಎಕ್ಕಡ ಕಟ್ಟೇಸಿನಾವು?" ಅಂದ. ಮೇಕೆ ಎಲ್ಲಿ ಕಟ್ಟಿದ್ದೀಯ ಅಂತ ಅವನು ಕೇಳಿದ್ದಕ್ಕೆ ಅಂಗಡಿಯವನೂ ಸೇರಿ ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆವತ್ತೇ ತೀರ್ಮಾನ ಮಾಡಿದೆ, ನನ್ನ ಗಾಡಿಗೂ ಲಾರಿಯದೇ ಗಾಳಿ ಹಾರ್ನು ಹಾಕಿಸಬೇಕು.

ಗುಜರಿಗೆ ಬಂದಿದ್ದ ಲಾರಿಯೊಂದರ ಜೋಡಿ ಕೊಳವೆಯ ಹಾರ್ನು ಸಿಕ್ಕಿತು. ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಫಳಫಳ ಮಾಡಿದೆ. ಮುಳಬಾಗಿಲಿನ ಮೆಕ್ಯಾನಿಕ್ ಶೆಡ್ಡಿಗೆ ಒಯ್ದರೆ, ಅಲ್ಲಿನ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಕ್ಯಾಬಿನ್ನಿನ ನೆತ್ತಿಯ ಮೇಲೆ ನಾಲ್ಕು ತೂತು ಕೊರೆದು, ಬೋಲ್ಟು ಬಿಗಿದು, ಪೈಪನ್ನು ಒಳಗಿಳಿಸಿ, ಅದರ ತುದಿಯನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

"ಗಾಳಿ ಎಲ್ಲಿಂದ ಕೊಡ್ಲಿ ತಮ್ಮಾ?"

"ಅಂದ್ರೆ?"

"ಲಾರಿಗೆ ಗಾಳಿ ಬ್ರೇಕು. ಅದಕ್ಕೆ ಗಾಳಿ ಟ್ಯಾಂಕ್ ಇರ್ತದೆ, ಹಾರ್ನೂ ಅದರಲ್ಲೇ ಹೊಡ್ಕೊಳ್ತದೆ. ನಿನ್ ಗಾಡೀಲಿ ಗಾಳೀನೇ ಇಲ್ವಲ್ಲ."

ತೂತು ಕೊರೆದಾದ ಮೇಲೆ ಹೇಳುವ ಮಾತೇ ಇದು? ಮೊದಲೇ ಯಾಕೆ ಹೇಳಲಿಲ್ಲ ಅಂತ ರೇಗಿದೆ. "ನೀನು ಹಾರ್ನ್ ಕೂರಿಸು ಅಂದೆ, ಕೂರಿಸ್ದೆ. ಊದಬೇಕು ಅಂತ ಎಲ್ಲಿ ಅಂದೆ?" ಅಂತ ಅವನು ತಣ್ಣಗೆ ಬೀಡಿಯ ಬೂದಿ ಕೊಡವಿದ. ಅವನ ಮೇಲೆ ಕೋಪ ಮಾಡಿಕೊಂಡೂ ಪ್ರಯೋಜನವಿರಲಿಲ್ಲ. ಗಾಡಿಯ ನೆತ್ತಿಯಲ್ಲಿ ಆಗಲೇ ತೂತು ಬಿದ್ದಿದ್ದವು.

ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಅದೇ ಗುಜರಿ ಲಾರಿಯ ಗಾಳಿ ಟ್ಯಾಂಕನ್ನು ತಂದು ನನ್ನ ಗಾಡಿಯ ಹೊಟ್ಟೆಯ ಕೆಳಗೆ ಕಬ್ಬಿಣದ ಪಟ್ಟಿ ಹಾಕಿ ಕಟ್ಟಿದ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಳ್ಳುವುದು. ಸೀಟಿನ ಪಕ್ಕದ ಹಿಡಿ ಎಳೆದರೆ ಹಾರ್ನು. ಮೊದಲ ಸಲ ಎಳೆದಾಗ ಬಸ್ ಸ್ಟ್ಯಾಂಡಿನ ಕಾಗೆಗಳೆಲ್ಲ ಹಾರಿಹೋದವು. ಆ ಗಳಿಗೆಯ ಖುಷಿಯನ್ನು ಸುಳ್ಳು ಅನ್ನಲಾರೆ.

"ಹಳೇ ಹಾರ್ನೂ ಇರ್ಲಿ ಬಿಡು, ತಿನ್ನಕ್ಕೆ ಏನ್ ಕೇಳ್ತದೆ?" ಅಂದ ಮೇಸ್ತ್ರಿ.

"ಆ ಮೇಕೆ ಸಾವಾಸ ಬೇಡ ಕಣಣ್ಣಾ, ಕಿತ್ತಾಕು," ಅಂದೆ ನಾನು. ಅವನು ಕಿತ್ತು ತನ್ನ ಡಬ್ಬದೊಳಗೆ ಹಾಕಿಕೊಂಡ.

ಗೋಳು ಶುರುವಾದದ್ದು ಆಮೇಲೆ. ಟ್ಯಾಂಕು ತುಂಬಿದರೆ ಹದಿನೈದು ಸಲ ಊದಬಹುದು, ಹದಿನಾರನೆಯದಕ್ಕೆ ಮುದುಕ ಕೆಮ್ಮಿದ ಸದ್ದು. ಎಲ್ಲೋ ಸೋರುತ್ತಿದೆ ಅಂತ ಸೋಪಿನ ನೀರು ಹಚ್ಚಿ ಗಾಡಿಯ ಕೆಳಗೆ ಅಂಗಾತ ಮಲಗಿ ಗುಳ್ಳೆ ಹುಡುಕುವುದು ನನ್ನ ಸಂಜೆಯ ಕಸುಬಾಯಿತು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಗುಳ್ಳೆ. ಪಂಕ್ಚರ್ ಅಂಗಡಿಯವನಂತೂ ನನ್ನನ್ನು ಕಂಡರೆ ಕಾಣದವನ ಹಾಗೆ ಒಳಗೆ ಹೋಗಿಬಿಡುತ್ತಿದ್ದ. ಹಾರ್ನನ್ನು ಉಪ್ಪಿನಕಾಯಿ ಬಡಿಸಿದ ಹಾಗೆ ಬಳಸಬೇಕಾಗಿ ಬಂತು. ಲಾರಿಗಳಿಗೆ ಮಾತ್ರ ಊದು, ದನಕ್ಕೆ ಬೇಡ, ಸೈಕಲ್ಲಿಗೆ ಬೇಡ. ಸೈಕಲ್ಲಿನವರಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನೇ ಕೂಗುತ್ತಿದ್ದೆ.

ಇಷ್ಟರಲ್ಲಿ ಅಕ್ಕನ ಮೊದಲ ರೇಷ್ಮೆ ಬೆಳೆ ಕೈಗೆ ಬಂತು. ಅಕ್ಕನನ್ನು ದೇವರಾಯಸಮುದ್ರಕ್ಕೆ ಕೊಟ್ಟಿತ್ತು. ರಾಗಿ ಬಿಟ್ಟು ಬೇರೆ ಬೆಳೆ ಕಾಣದ ಮನೆ ಅದು. ಅವಳು ಅತ್ತೆಯ ಹಿಂದೆ ಬಿದ್ದು, ಕಾಡಿ ಬೇಡಿ, ಅರ್ಧ ಹೊಲಕ್ಕೆ ಹಿಪ್ಪುನೇರಳೆ ಹಾಕಿಸಿದ್ದಳು. ಈ ಬೆಳೆ ಕೈಕೊಟ್ಟರೆ ಸೊಪ್ಪಿನ ಗಿಡವೆಲ್ಲ ಕೀಳಿಸಿ ಮತ್ತೆ ರಾಗಿ ಅಂತ ಅತ್ತೆಯ ಷರತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರಕ್ಕೆ ಕೂತ ದಿನಗಳಲ್ಲಿ ಅಕ್ಕ ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲವಂತೆ, ಘಾಟು ತಗುಲಬಾರದು ಅಂತ. ಕೊನೆಗೆ ಹುಳುಗಳು ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಗೂಡು ಕಟ್ಟಿದವು. ಬಿಡಿಸಿ ಮಾರಬೇಕು ಅನ್ನುವಾಗ ಹಬ್ಬ ಬಂದು ಕೋಲಾರದ ಗೂಡಿನ ಮಾರುಕಟ್ಟೆ ಎರಡು ದಿನ ಮುಚ್ಚಿತು. ಮೂರನೆಯ ದಿನ ಹರಾಜಿಗೆ ಮುಟ್ಟಿಸದೆ ಹೋದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯುವುದಕ್ಕಾಗುವುದಿಲ್ಲ, ಯಾರೂ ಮುಟ್ಟುವುದಿಲ್ಲ.

"ನಾಳೆ ತಪ್ಪಿಸ್ಬೇಡ ಕಣೋ," ಅಂತ ಅಕ್ಕ ಹೇಳಿಕಳಿಸಿದ್ದಳು. ತಪ್ಪಿಸುವ ಮಾತೇ ಇರಲಿಲ್ಲ. ಅವಳ ಹಿತ್ತಲಿನ ಬೀನ್ಸು ಬದನೆಯನ್ನೆಲ್ಲ ನಾನೇ ಒಯ್ಯುತ್ತಿದ್ದದ್ದು. ಕೆರೆ ಕಡೆ ತಿರುಗುವ ದಾರಿಯ ಬಾಯಲ್ಲಿ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಹಾರ್ನು ಒತ್ತಿದರೆ, ಒಂದು ಫರ್ಲಾಂಗು ಒಳಗಿನ ಮನೆಯಿಂದ ಮೂಟೆ ಹೊತ್ತುಕೊಂಡು ಬರುತ್ತಿದ್ದಳು. ಅದೇ ನಮ್ಮ ವಾಡಿಕೆ. ಹುಳು ಸಾಕುವ ಗಡಿಬಿಡಿಯಲ್ಲಿ ಆ ತಿಂಗಳು ಮಾತ್ರ ಅವಳು ತರಕಾರಿ ಹಾಕಿರಲಿಲ್ಲ, ನಾನೂ ಅಲ್ಲಿ ನಿಲ್ಲಿಸಿರಲಿಲ್ಲ.

ಆ ಬೆಳಿಗ್ಗೆ ನಂಗಲಿಯಿಂದಲೇ ಒಂದು ಲಾರಿ ಅಡ್ಡ ಸಿಕ್ಕಿ, ನನ್ನ ಹತ್ತು ಹನ್ನೆರಡು ಊದು ಅದಕ್ಕೇ ಖರ್ಚಾಯಿತು. ಹುಣಸೆಮರದ ಕೆಳಗೆ ನಿಲ್ಲಿಸಿ ಒಂದೇ ಒಂದು ಸಲ ಎಳೆದೆ. ಕಾದೆ. ಯಾರೂ ಬರಲಿಲ್ಲ. ಇನ್ನೊಂದು ಸಲ ಎಳೆದೆ, ಕೆಮ್ಮಿತು. ಹಿಂದೆ ಟೊಮೇಟೊ ಹೇರಿದವರು ಮಂಡಿಗೆ ಹೊತ್ತಾಯಿತು ಅಂತ ಕೂಗಾಡುತ್ತಿದ್ದರು. ಗೂಡು ಬಿಡಿಸಿ ಮುಗಿದಿಲ್ಲವೇನೋ, ಹೇಳಿಕಳಿಸಿದವಳಿಗೆ ಎದ್ದು ಬರುವುದಕ್ಕೇನು ದಾಡಿ ಅಂತ ಗೊಣಗಿಕೊಂಡು ಗೇರು ಹಾಕಿದೆ.

ಸಂಜೆ ವಾಪಸ್ ಬರುವಾಗ ಹುಣಸೆಮರದ ಕೆಳಗೆ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಮೂಟೆಗಳು.

"ಯಾಕೆ ಬರ್ಲಿಲ್ವೋ? ಬೆಳಕು ಹರಿಯೋ ಮುಂಚೆ ಮೂಟೆ ಕಟ್ಕೊಂಡು ಬಾಗಲಲ್ಲೇ ನಿಂತಿದ್ದೆ."

"ಬಂದಿದ್ದೆ. ಹಾರ್ನ್ ಹೊಡ್ದೆ. ನೀನೇ ಬರ್ಲಿಲ್ಲ."

ಅಕ್ಕ ಗಾಡಿಯ ನೆತ್ತಿಯ ಮೇಲಿನ ಹಿತ್ತಾಳೆ ಕೊಳವೆಗಳನ್ನು ಆಗ ನೋಡಿದಳು.

"ಅದು ನೀನಾ? ನಾನು ಯಾವ್ದೋ ಲಾರಿ ಅಂದ್ಕೊಂಡೆ ಕಣೋ. ನಿನ್ ಮೇಕೆ ಕೂಗ್ಲಿ ಅಂತ ಕಾಯ್ತಿದ್ದೆ."

ಬಿಸಿಲೇರಿದ ಮೇಲೆ ಅವಳೇ ಮೂಟೆ ಹೊತ್ತು ರಸ್ತೆಗೆ ಬಂದಿದ್ದಳು. ಎರಡು ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಮೂರನೆಯದು ಹತ್ತಿಸಿಕೊಂಡಿತು, ಕೋಲಾರ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಹಾಗೇ ವಾಪಸ್ ಬಂದು ಕೂತಿದ್ದಳು. ಮಾರನೆಯ ಬೆಳಿಗ್ಗೆ ಅವಳ ಮನೆಯ ಗೋಡೆಯ ಮೇಲೆಲ್ಲ ಬಿಳಿ ಚಿಟ್ಟೆಗಳು. ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಮುಳಬಾಗಿಲಿಗೆ ಹೋಗಿ ಹಳೆಯ ಹಾರ್ನು ಕೊಡು ಅಂತ ಮೇಸ್ತ್ರಿಯ ಮೇಲೆ ಬಿದ್ದೆ. ಅದನ್ನು ಅವನು ಆಗಲೇ ಯಾವುದೋ ಹಾಲಿನ ಗಾಡಿಗೆ ಹಾಕಿಬಿಟ್ಟಿದ್ದ.

ಅಕ್ಕ ಅತ್ತೆಯ ಕಾಲು ಹಿಡಿದು ಇನ್ನೊಂದು ಬೆಳೆಗೆ ಒಪ್ಪಿಸಿದಳು. ಆ ಗೂಡು ಬಿಡಿಸುವ ಹಿಂದಿನ ದಿನ ನಾನೇ ಹೋಗಿ, ಹೊಸ ಕರೆಂಟ್ ಹಾರ್ನು ಹಾಕಿಸಿದ್ದೇನೆ, ಅದರ ಸದ್ದು ಹೀಗೆ ಅಂತ ಬಾಯಲ್ಲೇ ಮಾಡಿ ತೋರಿಸಿದೆ. ಎಷ್ಟು ಸಲ ಹೊಡೆಯುತ್ತೇನೆ ಅಂತಲೂ ವಿವರಿಸಿದೆ. ಅವಳು ಗೂಡು ತುಂಬುವ ಚೀಲ ಕೊಡವುತ್ತಲೇ ಕೇಳಿಸಿಕೊಂಡಳು.

"ಹಾರ್ನ್ ಎಲ್ಲಾ ಬೇಡ ಕಣೋ," ಅಂದಳು. "ಗಾಡಿ ನಿಲ್ಸಿ ಇಳಿದು ಬಾ. ಬಾಗಲಲ್ಲಿ ನಿಂತ್ಕೊಂಡು ಅಕ್ಕಾ ಅನ್ನು. ಅದು ನಂಗೆ ಗೊತ್ತಾಗ್ತದೆ."

ಎರಡು ವರ್ಷ ಅವಳ ಮೂಟೆ ಸಾಗಿಸಿದ್ದೆ. ಆ ಒಂದು ಫರ್ಲಾಂಗು ಒಂದು ದಿನವೂ ಇಳಿದು ನಡೆದಿರಲಿಲ್ಲ.