ಪೆಡಲ್ ಮೇಲಿನ ಕಾಲು

ಇವತ್ತು ಗ್ಯಾರೇಜೊಂದರ ಮುಂದೆ ಬ್ರೇಕ್ ಆಯಿಲ್ ವಾಸನೆ ಬಡಿದು ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ರಾಣೆಬೆನ್ನೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪ ಹಳೆಯ ಪಿಕಪ್ಪಿಗೆ ಹೊಸ ಬ್ರೇಕ್ ಕೂಡಿಸಿದ್ದ. ಅವನು ಕೆಳಗೆ ಮಲಗಿ ಪೈಪಿನೊಳಗಿನ ಗಾಳಿ ತೆಗೆಯುವಾಗ ನಾನು ಪೆಡಲ್ ಒತ್ತಿ ಹಿಡಿಯಬೇಕಿತ್ತು.

"ನಾ ಹೇಳೂತನಕ ಕಾಲ ಎತ್ತಬ್ಯಾಡವಾ. ಗಾಳಿ ಹೊಕ್ಕರ ಬ್ರೇಕ್ ಹಿಡಿಯಂಗಿಲ್ಲ," ಎಂದಿದ್ದ.

ಜೋಮು ಹಿಡಿದು ಒಮ್ಮೆ ಕಾಲೆತ್ತಿಬಿಟ್ಟೆ. ಬೈತಾನೆಂದು ಹೇಳಲಿಲ್ಲ. ಊಟವೂ ಸೇರಲಿಲ್ಲ.

ಮರುದಿನ ಮೆಣಸಿನಕಾಯಿ ಚೀಲ ಹೇರಿಕೊಂಡು ಎಲ್ಲರೂ ಬ್ಯಾಡಗಿಗೆ ಹೊರಟೆವು. ಅವ್ವನ ಮಡಿಲಲ್ಲಿ ತಮ್ಮನಿದ್ದ. ಅಪ್ಪ ಗಾಡಿ ಚಾಲೂ ಮಾಡಿದ ಕೂಡಲೇ ಅಳುತ್ತಾ ಕೂಗಿದೆ:

"ಅಪ್ಪಾ, ನಿನ್ನೆ ನಾ ಒಂದ್ಸಲ ಕಾಲ ಎತ್ತಿದ್ದೆ!"

ಅವನು ಪೆಡಲ್ ಒತ್ತಿದ. ಅದು ಹಿಡಿತವೇ ಇಲ್ಲದೆ ಮೆತ್ತಗೆ ತಳ ಮುಟ್ಟಿತು. ಎಂಜಿನ್ ಬಂದ್ ಮಾಡಿ ಎಲ್ಲರನ್ನೂ ಇಳಿಸಿದ. ಬೈಯಲಿಲ್ಲ.

"ಬಾರವಾ, ಮತ್ತ ಒತ್ತು," ಎಂದ. ತಾನು ಮತ್ತೆ ಗಾಡಿಯ ಕೆಳಗೆ ಮಲಗಿದ.

"ಏನ್ ಬೇಕ್ರೀ ಅಕ್ಕಾರ?" ಗ್ಯಾರೇಜಿನವನು ಕೇಳಿದ. ಎಷ್ಟೊತ್ತಿನಿಂದ ಅಲ್ಲಿ ನಿಂತಿದ್ದೆನೋ.